ಜಾಝ್ ಗೊತ್ತಿಲ್ಲದವ್ರು ಮೊದಲ ವೋಕಲ್ ಆಲ್ಬಂ ಕೇಳೋದು ಹೇಗೆ

ಜಾಝ್ ನಮಗಲ್ಲ ಬಿಡಿ ಅನ್ನೋ ತುಮಕೂರಿನ ಗೆಳೆಯರಿಗೆಲ್ಲ ನಾನು ಹೇಳೋದು ಒಂದೇ ಆಲ್ಬಂ, 1956ರ ‘ಎಲ್ಲಾ ಅಂಡ್ ಲೂಯಿ’. ಟ್ರಂಪೆಟ್ ಊದ್ಕೊಂಡು ಬ್ಯಾಂಡ್ ನಡೆಸ್ತಿದ್ದ ಲೂಯಿ ಆರ್ಮ್‌ಸ್ಟ್ರಾಂಗ್, ಜೊತೆಗೆ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್, ಒಟ್ಟು 11 ಹಾಡು.

ಇವೆಲ್ಲ ಸ್ಟ್ಯಾಂಡರ್ಡ್ಸ್, ಅಂದ್ರೆ ಜಾಝ್‌ನವ್ರು ತಮ್ಮ ತಮ್ಮ ಥರ ಮತ್ತೆ ಮತ್ತೆ ಹಾಡೋ ಹಾಡುಗಳು. ಗುಬ್ಬಿ ವೀರಣ್ಣನವರ ಕಂಪನಿ ನಮ್ಮ ಜಿಲ್ಲೇದೇ ಅಲ್ವಾ, ಆ ಕಾಲದ ರಂಗಗೀತೆಗಳು ನಾಟಕ ನಿಂತ್ಮೇಲೂ ಹಾಡೋವ್ರ ಬಾಯಲ್ಲಿ ಹೆಂಗೆ ಉಳ್ಕೊಂಡ್ವೋ ಹಂಗೇ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಕ್ಕೆ, ಹಾಲಿವುಡ್ ಸಿನಿಮಾಗೆ ಅಂತ ಬರೆದ ಎಷ್ಟೋ ಹಾಡು ಅಲ್ಲಿಂದ ಆಚೆ ಬಂದು ಜಾಝ್‌ನವ್ರ ಆಸ್ತಿ ಆದ್ವು. ಹಾಡು ಯಾವ್ದು ಅನ್ನೋದಕ್ಕಿಂತ ಈ ಗಾಯಕ ಅದನ್ನ ಏನ್ ಮಾಡ್ದ ಅನ್ನೋದೇ ಮುಖ್ಯ.

ಬೆಂಗಳೂರು ಟ್ರೈನಲ್ಲಿ ಮೊದಲ ಸಲ ಕೇಳ್ಬೇಡಿ, ಕ್ಯಾತ್ಸಂದ್ರ ದಾಟೋದ್ರೊಳಗೆ ಗದ್ದಲಕ್ಕೆ ಬೇಸ್, ಅಂದ್ರೆ ಕೆಳಗಿನ ಸ್ವರ, ಪೂರ್ತಿ ಮುಳುಗೋಗುತ್ತೆ. ಫೋನ್ ಸ್ಪೀಕರೂ ಬೇಡ, ಡಬಲ್ ಬೇಸ್ ಅನ್ನೋ ದೊಡ್ಡ ತಂತಿವಾದ್ಯದ ದಪ್ಪ ತಂತಿ ಸುಮಾರು 41 ಹರ್ಟ್ಜ್, ಅಷ್ಟು ಕೆಳಗಿನ ಸ್ವರ ಅದ್ರಲ್ಲಿ ಬರಲ್ಲ. ರಾತ್ರಿ ಮನೇಲಿ, ಹೆಡ್‌ಫೋನ್ ಹಾಕಿ.

ಇಡೀ ಆಲ್ಬಂ ಒಂದೇ ಸಲ ಬೇಡ, ‘ಚೀಕ್ ಟು ಚೀಕ್’ ಒಂದನ್ನೇ ಮೂರು ಸಲ ಕೇಳಿ. ಮೊದಲ ಸಲ ದನಿ ಮಾತ್ರ. ಶುರು ಮಾಡೋದು ಲೂಯಿ, ಒರಟು ದನಿ, ಪದಾನ ತಾಳಕ್ಕಿಂತ ಚೂರು ಹಿಂದೆ ಬಿಟ್ಟು ಮಾತಾಡೋ ಥರ ಹಾಡ್ತಾನೆ, ಆಮೇಲೆ ಎಲ್ಲಾ ಫಿಟ್ಜೆರಾಲ್ಡ್ ಬಂದಾಗ ಅದೇ ಸಾಲು ತಿಳಿಯಾಗಿ ಹರಿಯುತ್ತೆ. ಎರಡನೇ ಸಲ ದನಿ ಬಿಟ್ಟು ರೇ ಬ್ರೌನ್ ನುಡಿಸೋ ಡಬಲ್ ಬೇಸ್ ಹಿಂದೆ ಹೋಗಿ, ಮೂರನೇ ಸಲ ಆಸ್ಕರ್ ಪೀಟರ್ಸನ್ ಪಿಯಾನೋ. ಗಾಯಕರು ಉಸಿರು ತಗೊಳ್ಳೋ ಜಾಗದಲ್ಲಿ ಅವ್ನು ಏನ್ ತುಂಬ್ತಾನೆ ನೋಡಿ, ನಂಗೆ ಈ ಆಲ್ಬಂನಲ್ಲಿ ತುಂಬಾ ಇಷ್ಟ ಆಗೋದೇ ಅದು.

ತಾಳ ಹಾಕೋ ಅಭ್ಯಾಸ ಇದ್ರೆ ‘ದಿ ನಿಯರ್‌ನೆಸ್ ಆಫ್ ಯೂ’ ಹಾಕಿ, ನಿಧಾನದ ಹಾಡು. 4 ಎಣಿಕೆಗೆ ಒಂದು ಬಾರ್, ಸುಮಾರು 8 ಬಾರ್‌ಗೆ ಒಂದು ಭಾಗ, ಅಂಥ 4 ಭಾಗ. ಮೊದಲೆರಡು ಒಂದೇ ಧಾಟಿ, ಮೂರನೇದು ಬೇರೆ ಕಡೆ ಹೊರಳುತ್ತೆ, ನಾಲ್ಕನೇದು ವಾಪಸ್ ಮನೆಗೆ. ಸ್ಟ್ಯಾಂಡರ್ಡ್ಸ್‌ನಲ್ಲಿ ಸುಮಾರು ಹಾಡು ಇದೇ ಅಚ್ಚಿನವು, ಒಂದ್ಸಲ ಕಿವಿಗೆ ಸಿಕ್ರೆ ಟ್ರಂಪೆಟ್ ಊದೋವಾಗ್ಲೂ ಎಲ್ಲಿದೀವಿ ಅಂತ ಗೊತ್ತಾಗುತ್ತೆ.

ಆಮೇಲೆ 1935ರ ‘ಟಾಪ್ ಹ್ಯಾಟ್’ ಸಿನಿಮಾದಲ್ಲಿ ಫ್ರೆಡ್ ಆಸ್ಟೇರ್ ಹಾಡಿರೋ ‘ಚೀಕ್ ಟು ಚೀಕ್’ ಕೇಳಿ, ಇರ್ವಿಂಗ್ ಬರ್ಲಿನ್ ಬರೆದಿದ್ದು, ಲೂಯಿ ಎಲ್ಲೆಲ್ಲಿ ಬದಲಾಯಿಸಿದಾನೆ ಅಂತ ಆಗ ತಾನಾಗೇ ಹೊಳೆಯುತ್ತೆ. ಇಷ್ಟ ಆದ್ರೆ 1957ರ ‘ಎಲ್ಲಾ ಅಂಡ್ ಲೂಯಿ ಅಗೇನ್’ ಇದೆ, ಅದ್ರಲ್ಲಿ ಒಬ್ಬೊಬ್ರೇ ಹಾಡಿರೋವೂ ಇವೆ, ಅವನ್ನ ಮೊದಲು ಕೇಳಿ.