ಓಡೋರಿಗೆ ಕಾರ್ಬೋ ಫ್ಯಾಟೋ, ಯಾವಾಗ ಏನ್ ತಿನ್ನಬೇಕು

ಕಲಬುರಗಿ ಚಂದ್ರಶೇಖರ ಪಾಟೀಲ್ ಸ್ಟೇಡಿಯಂನಾಗ ಮುಂಜಾನಿ ಓಡೋ ಹುಡುಗ್ರು ಭಾಳ ಕೇಳ್ತಾರ, ಅಣ್ಣಾ ಕಾರ್ಬ್ (ಅನ್ನ, ರೊಟ್ಟಿ, ಹಣ್ಣಿನಾಗಿನ ಪಿಷ್ಟ, ಸಕ್ಕರಿ) ಬಿಟ್ಟು ಬರೇ ಫ್ಯಾಟ್ (ಕೊಬ್ಬು) ಮ್ಯಾಲೆ ಓಡಬಹುದೇನು ಅಂತ. ಸಾವಕಾಶ ಓಡ್ಲಿಕ್ಕೆ ನಡೀತದ. ಜೋರ್ ಓಡುವಾಗ ಮಾತ್ರ ಮೈ ಕಾರ್ಬೇ ಕೇಳ್ತದ, ಯಾಕಂದ್ರ ಫ್ಯಾಟ್‌ನಾಗ ಗ್ರಾಂಗೆ 9 ಕ್ಯಾಲೊರಿ, ಕಾರ್ಬ್‌ನಾಗ 4 ಅನ್ನೋದು ಖರೆ, ಆದ್ರ ಫ್ಯಾಟ್ ನಿಧಾನ ಸುಡ್ತದ, ಆಕ್ಸಿಜನ್ನೂ ಜಾಸ್ತಿ ತಿಂತದ.

ಓಟಕ್ಕ ಎರಡು ತಾಸು ಮುಂಚೆ ಎಣ್ಣಿ ಕಮ್ಮಿ ಹಾಕಿದ ಸುಸಲಾ, ಇಲ್ಲಾ ಬಾಳೆಹಣ್ಣು ತಿನ್ರಿ. ಜೋಳದ ರೊಟ್ಟಿ ಛಲೋನೇ, ಆದ್ರ ನಾರು ಜಾಸ್ತಿ, ರೇಸ್ ದಿನ ಹೊಟ್ಟಿ ಭಾರ ಆಗಬಹುದು, ಹಿಂದಿನ ದಿನ ಉಣ್ರಿ. ಮಿರ್ಚಿ ಭಜಿ ಅಂತೂ ಬ್ಯಾಡೇ ಬ್ಯಾಡ (ಓಟ ಮುಗಿದ ಮ್ಯಾಲೆ ನಾ ಏನೂ ಅನ್ನಂಗಿಲ್ಲ).

ಒಂದು ತಾಸಿನೊಳಗ ಮುಗಿಯೋ ಓಟಕ್ಕ ನೀರು ಸಾಕು. ಒಂದೂವರೆ ತಾಸು ದಾಟ್ತದ ಅಂದ್ರ ಸ್ನಾಯುದಾಗಿನ ಗ್ಲೈಕೋಜನ್ (ಮೈ ಕೂಡಿಟ್ಟ ಕಾರ್ಬ್) ಖಾಲಿ ಆಗ್ತಾ ಬರ್ತದ, ಅದಕ್ಕ ಶುರುವಿಂದಾನೇ ತಾಸಿಗೆ 30ರಿಂದ 60 ಗ್ರಾಂ ಕಾರ್ಬ್ ಹೊಟ್ಟಿಗೆ ಹಾಕ್ಕೋತ ಹೋಗ್ರಿ, ಒಂದು ಬಾಳೆಹಣ್ಣಿನಾಗ ಸುಮಾರು 25 ಗ್ರಾಂ ಇರ್ತದ. ನಾ ಒಮ್ಮೆ ಬರೇ ಚಾ ಕುಡಿದು ಹೋಗಿದ್ದೆ, ಹದಿನಾಲ್ಕನೇ ಕಿಲೋಮೀಟರ್‌ಗೆ ಕಾಲು ಕೈಕೊಟ್ವು, ಆಟೋದಾಗ ಮನಿಗೆ ಬಂದೆ.

ಮುಗಿಸಿ ಬಂದು ಅನ್ನ, ತೊಗರಿ ಬ್ಯಾಳಿ. ಫ್ಯಾಟ್ ರಾತ್ರಿ ಊಟಕ್ಕ ಇರ್ಲಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಹೃದಯಕ್ಕೂ ಛಲೋ, ಡಾಲ್ಡಾ ಬಿಡ್ರಿ. ಶುಗರ್ ಇದ್ದೋರು ಮಾತ್ರ ಮೊದ್ಲು ಡಾಕ್ಟರ್‌ನ ಕೇಳ್ರಿ.