ಹಾಲಿನ ಪುಡಿಯ ಸುಂಕವೂ ನಮ್ಮ ಸಂಘಗಳ ನಿರ್ಣಯವೂ: ನನ್ನ ಅನುಭವ

ಭಾರತವೂ ಸೇರಿ ಹದಿನಾರು ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ಮಾತುಕತೆಗೆ 2012ರ ನವೆಂಬರ್‌ನಲ್ಲಿ ಚಾಲನೆ ದೊರೆತಿದ್ದರೂ, ಮಂಡ್ಯ ಜಿಲ್ಲೆಯ ನಮ್ಮ ಹಾಲು ಉತ್ಪಾದಕರ ಸಂಘಗಳ ಸಭೆಗಳಲ್ಲಿ ಅದು ಚರ್ಚೆಗೆ ಬಂದದ್ದು 2019ರಲ್ಲಿ. ಸಂಘಗಳ ಪರವಾಗಿ ಮನವಿ ಸಿದ್ಧಪಡಿಸುವ ಹೊಣೆಯನ್ನು ಆಗ ನಾನು ವಹಿಸಿಕೊಂಡೆ. ಒಪ್ಪಂದದ ಕರಡು ಪ್ರಕಟವಾಗಿರಲಿಲ್ಲ, ಮಾಹಿತಿ ಹಕ್ಕಿನಡಿ ಕೇಳಿದಾಗ, ವಿದೇಶಗಳೊಂದಿಗಿನ ಸಂಬಂಧಕ್ಕೆ ಧಕ್ಕೆಯಾಗುತ್ತದೆಂದು 8(1)(ಎ) ಕಲಮನ್ನು ಉಲ್ಲೇಖಿಸಿ ನಿರಾಕರಿಸಿದರು.

ಹೀಗಾಗಿ ಎಲ್ಲರಿಗೂ ಲಭ್ಯವಿದ್ದ ಸುಂಕದ ಪಟ್ಟಿಯನ್ನೇ ಕೈಗೆತ್ತಿಕೊಂಡೆವು. ಅದರಲ್ಲಿ ಪ್ರತಿ ಬಗೆಯ ಸರಕಿಗೂ ಒಂದು ಕೋಡ್ ಇರುತ್ತದೆ: ಹಾಲಿನ ಪುಡಿ 0402, ಬೆಣ್ಣೆ ಮತ್ತು ತುಪ್ಪ 0405, ಚೀಸ್ 0406. ನಿಗದಿತ ಪ್ರಮಾಣ ಮೀರಿ ಆಮದಾಗುವ ಹಾಲಿನ ಪುಡಿಗೆ ಶೇ. 60ರಷ್ಟು ಸುಂಕವಿತ್ತು, ಇನ್ನೊಂದು ಕಡೆ, ತಾನು ಉತ್ಪಾದಿಸುವ ಹಾಲಿನಲ್ಲಿ ಶೇ. 90ಕ್ಕೂ ಹೆಚ್ಚನ್ನು ರಫ್ತು ಮಾಡುವ ನ್ಯೂಜಿಲೆಂಡ್ ಮಾತುಕತೆಯಲ್ಲಿ ಕುಳಿತಿತ್ತು. ಅಷ್ಟು ದೂರದ ಹಾಲು ಇಲ್ಲಿಗೆ ಬರುವಷ್ಟರಲ್ಲಿ ಒಡೆದು ಹೋಗುವುದಿಲ್ಲವೇ ಎಂದು ಒಂದು ಸಂಘದ ಸದಸ್ಯೆ ಕೇಳಿದರು. ಬರುವುದು ಹಾಲಲ್ಲ, ಪುಡಿ. ಹಾಲು ಹೆಚ್ಚಾದ ತಿಂಗಳುಗಳಲ್ಲಿ ನಮ್ಮ ಒಕ್ಕೂಟವೂ ಮಿಕ್ಕಿದ್ದನ್ನು ಪುಡಿ ಮಾಡಿಯೇ ಇಡುತ್ತದೆ, ಸುಂಕ ಇಳಿದು ಹೊರಗಿನ ಪುಡಿ ಬಂದು ಆ ಪುಡಿಯ ಬೆಲೆ ಬಿದ್ದರೆ ಲೀಟರಿಗೆ ಸಂಘ ಕೊಡುವ ದರಕ್ಕೂ ಕತ್ತರಿ ಬೀಳುತ್ತದೆ ಎಂದು ವಿವರಿಸಿದೆ. 2018ರಲ್ಲಿ ದೇಶದೊಳಗಿನ ದಾಸ್ತಾನಿನಿಂದಲೇ ಪುಡಿಯ ಬೆಲೆ ಕುಸಿದದ್ದು ಎಲ್ಲರ ನೆನಪಿನಲ್ಲಿತ್ತು, ಆದ್ದರಿಂದ ಹೆಚ್ಚು ಹೇಳಬೇಕಾಗಲಿಲ್ಲ.

ನಡಾವಳಿ ಪುಸ್ತಕದಲ್ಲಿ ‘ಒಪ್ಪಂದ ಬೇಡ’ ಎಂದಷ್ಟೇ ಬರೆಯಬೇಕೆಂದು ಹಲವರು ಹೇಳಿದರು. ಅದರ ಜೊತೆಗೆ, ಯಾವ ಕೋಡ್‌ಗಳನ್ನು ಸುಂಕ ಕಡಿತದಿಂದ ಹೊರಗಿಡಬೇಕು, ಏಕೆ, ಎಂಬುದನ್ನೂ ಬರೆಸಬೇಕೆಂದು ನಾನು ಪಟ್ಟು ಹಿಡಿದೆ. ಬೀದಿಯ ಘೋಷಣೆಗೆ ರಾಜಕಾರಣಿ ಕಿವಿಗೊಡುತ್ತಾನೆ. ಮಾತುಕತೆಗೆ ಹೋಗುವ ಅಧಿಕಾರಿಗೆ ಬೇಕಾಗುವುದು ಕೋಡ್ ಮತ್ತು ಕಾರಣ. ಎರಡೂ ಇಲ್ಲದೆ ಕೆಲಸ ಸಾಗದು. ನಿರ್ಣಯದ ಪ್ರತಿಗಳನ್ನು ಸಂಸದರಿಗೂ ರಾಜ್ಯ ಸರ್ಕಾರಕ್ಕೂ ಕೇಂದ್ರ ವಾಣಿಜ್ಯ ಸಚಿವಾಲಯಕ್ಕೂ ಕಳುಹಿಸಿದೆವು.

2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಒಪ್ಪಂದದಿಂದ ಹೊರಗುಳಿಯಿತು. ಚೀನಾದೊಂದಿಗಿನ ವ್ಯಾಪಾರ ಕೊರತೆಯ ಆತಂಕ, ಕೈಗಾರಿಕೆಗಳ ಒತ್ತಡ, ಹಲವು ರಾಜ್ಯಗಳ ರೈತರ ಪ್ರತಿಭಟನೆ ಎಲ್ಲವೂ ಅದರ ಹಿಂದಿದ್ದವು. ನಮ್ಮ ಕಾಗದಗಳಿಂದಲೇ ಹಾಗಾಯಿತೆಂದು ನಾನು ಹೇಳುವುದಿಲ್ಲ. ಆದರೆ ಆ ದಿನ ಗೆದ್ದದ್ದು ಒತ್ತಡವೇ ಹೊರತು ನಮಗಿದ್ದ ಯಾವುದೇ ಹಕ್ಕಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಸಂವಿಧಾನದಲ್ಲಿ ಕೃಷಿ ರಾಜ್ಯಗಳ ಅಧಿಕಾರದ ರಾಜ್ಯಪಟ್ಟಿಯಲ್ಲಿದೆ, ವಿದೇಶಿ ಒಪ್ಪಂದ ಕೇಂದ್ರದ ಅಧಿಕಾರದ ಕೇಂದ್ರಪಟ್ಟಿಯಲ್ಲಿದೆ. ಸಹಿಗೆ ಮುನ್ನ ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ; ಒಪ್ಪಿಕೊಂಡ ಸುಂಕ ಕಡಿತವನ್ನು 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ನಿನ ಅಧಿಸೂಚನೆಯಿಂದಲೇ ಜಾರಿಗೊಳಿಸಬಹುದು. 2022ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದೊಂದಿಗೆ ಸಹಿಯಾದ ಒಪ್ಪಂದದಲ್ಲಿ ಹೈನು ಪದಾರ್ಥಗಳನ್ನು ಹೊರಗಿಟ್ಟದ್ದು ನಮಗೆ ಸಮಾಧಾನ ತಂದಿತು, ಆದರೆ ಒಪ್ಪಂದಕ್ಕೆ ಸಹಿ ಹಾಕುವ ಈ ಕ್ರಮ ಬದಲಾಗಲಿಲ್ಲ.

ಈಗ ಯಾವುದೇ ದೇಶದೊಂದಿಗೆ ಮಾತುಕತೆ ಘೋಷಣೆಯಾದ ಕೂಡಲೇ ಅದೇ ಮಾದರಿಯ ನಿರ್ಣಯ ಸಿದ್ಧಪಡಿಸುತ್ತೇವೆ. ಸಹಿಗೆ ಮೊದಲು ಕರಡನ್ನು ಸಂಸದೀಯ ಸ್ಥಾಯಿ ಸಮಿತಿಯ ಮುಂದಿಡಬೇಕು, ರಾಜ್ಯಗಳ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಬೇಕು ಎಂಬ ಎರಡು ಬೇಡಿಕೆಗಳನ್ನು ಕೋಡ್‌ಗಳ ಪಟ್ಟಿಗಿಂತ ಮೇಲೆ, ಮೊದಲ ಪುಟದಲ್ಲೇ ಬರೆಯುತ್ತೇವೆ.