ಹಳೇ ಸಿಟಿ ವಿಟೆಕ್‌ಗೆ ಹೆಡರ್ ಕೂರಿಸಿದ್ದು

ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, ನೋಡಿದರೆ ಯಾರೋ ಬ್ಯಾಂಕ್ ಮ್ಯಾನೇಜರ್ ಗಾಡಿ ಅನ್ನಬೇಕು. ಆದರೆ 106 ಕುದುರೆ ಶಕ್ತಿ, ಟನ್ನಿನ ಆಸುಪಾಸಿನ ತೂಕ, ಆರ್‌ಪಿಎಂ ಮೀಟರಿನ ಕೆಂಪು ಗೆರೆಯ ಹತ್ತಿರ ಹೋದಷ್ಟೂ ಹುರುಪು ಬರುವ ಎಂಜಿನ್. ಆ ಕಾಲದಲ್ಲಿ ಬೆಂಗಳೂರಿನ ನಮ್ಮಂಥ ಹುಡುಗರಿಗೆ ಸ್ಪೋರ್ಟ್ಸ್ ಕಾರ್ ಅಂದರೆ ಇದೇ. ನಿಜವಾದ ಸ್ಪೋರ್ಟ್ಸ್ ಕಾರ್ ಕೊಳ್ಳುವ ದುಡ್ಡು ಯಾರ ಹತ್ತಿರ ಇತ್ತು?

ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕಂಪನಿಯ ಎರಕದ ಮ್ಯಾನಿಫೋಲ್ಡ್ ಬದಲು ಕೂರಿಸುವ ಪೈಪುಗಳ ಜೋಡಣೆಗೆ ಹೆಡರ್ ಅನ್ನುತ್ತಾರೆ. ನಾಲ್ಕು ಸಿಲಿಂಡರಿನ ಪೈಪುಗಳು ಮೊದಲು ಎರಡಾಗಿ, ಆಮೇಲೆ ಒಂದಾಗಿ ಸೇರಿದರೆ 4-2-1, ನಾಲ್ಕೂ ನೇರ ಒಂದಾದರೆ 4-1. ಇದಕ್ಕೆ 4-2-1 ಹೆಡರ್ ಹಾಕಿದ್ದೇನೆ ಅಂದ ಕೂಡಲೇ ‘ಎಷ್ಟು ಪವರ್ ಬಂತು?’ ಅಂತಲೇ ಎಲ್ಲರೂ ಕೇಳುತ್ತಾರೆ. ಇಂಥ ಎಂಜಿನ್‌ಗೆ ಬರೀ ಹೆಡರ್ ಹಾಕಿದರೆ ಬರುವುದು ಬೆರಳಲ್ಲಿ ಎಣಿಸುವಷ್ಟು ಕುದುರೆ. ಅದೂ ಹೆಡರ್ ನೆಟ್ಟಗೆ ಕೂತರೆ. ಕೂರದಿದ್ದರೆ ಮೊದಲಿದ್ದ ಪಿಕಪ್ಪೂ ಹೋಗುತ್ತದೆ, ಮೈಲೇಜೂ ಹೋಗುತ್ತದೆ. ಆದ್ದರಿಂದ ಇಲ್ಲಿ ಕೂರಿಸುವ ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

4-1 ಬೇಡ, 4-2-1 ಸಾಕು ಅಂತ ಯಾಕೆ ತೀರ್ಮಾನ ಮಾಡಿದೆ ಅಂದರೆ, ನಮ್ಮ ರಸ್ತೆಗಳಿಂದಾಗಿ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. 4-2-1ರಲ್ಲಿ 1 ಮತ್ತು 4ನೇ ಸಿಲಿಂಡರಿನ ಪೈಪುಗಳು ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ. ಜೋಡಿಯಲ್ಲಿ ಒಂದು ಸಿಲಿಂಡರ್ ಹೊಗೆ ಬಿಡುವಾಗ ಇನ್ನೊಂದು ಸುಮ್ಮನಿರುತ್ತದೆ. ಹಾಗಾಗಿ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಜೊತೆಗೆ ಹೊರಟ ಹೊಗೆ ತನ್ನ ಹಿಂದೆ ಒಂದು ಸೆಳೆತ ಬಿಡುತ್ತದೆ. ಅದು ಸರಿಯಾದ ಹೊತ್ತಿಗೆ ಮುಂದಿನ ವಾಲ್ವ್ ಹತ್ತಿರ ಮುಟ್ಟಿದರೆ ಒಳಗೆ ಉಳಿದ ಹೊಗೆಯನ್ನೂ ಎಳೆದು ತರುತ್ತದೆ. 4-2-1ರಲ್ಲಿ ಈ ಲಾಭ ಮಧ್ಯದ ಆರ್‌ಪಿಎಂನಲ್ಲಿ ಸಿಗುತ್ತದೆ. 4-1ರಲ್ಲಿ ಸಾಮಾನ್ಯವಾಗಿ ತೀರ ಮೇಲೆ. ಸಿಲ್ಕ್ ಬೋರ್ಡಿನಿಂದ ಹೆಬ್ಬಾಳಕ್ಕೆ ಹೋಗುವಾಗ ಆರು ಸಾವಿರ ಆರ್‌ಪಿಎಂ ಎಲ್ಲಿ ಸಿಗುತ್ತದೆ ಹೇಳಿ? ಎರಡನೇ, ಮೂರನೇ ಗೇರಿನಲ್ಲೇ ಜೀವನ ಕಳೆಯುವ ಊರು ಇದು.

ಹೆಡರ್ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್, 304 ಸ್ಟೇನ್‌ಲೆಸ್ ಸ್ಟೀಲಿನದು, ಹೋಂಡಾದ ಇದೇ ಡಿ ಸೀರೀಸ್ ಎಂಜಿನ್ ಇರುವ ಸಿವಿಕ್‌ಗೆ ಮಾಡಿದ್ದು. ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ಕೂರುವ ಫ್ಲಾಂಜ್, ಅಂದರೆ ಬೋಲ್ಟ್ ಹಾಕುವ ದಪ್ಪ ಪಟ್ಟಿ, ಸರಿಹೋಗುತ್ತಿತ್ತು. ಕೆಳಗಿನ ಅರ್ಧಕ್ಕೆ ಕೆಲಸ ಬೇಕಿತ್ತು. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಸುತ್ತಿಗೆ ಸದ್ದಾದರೆ ಸೆಕ್ರೆಟರಿ ಇಳಿದು ಬರುತ್ತಾರೆ. ಅದಕ್ಕೆ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನಲ್ಲಿ ಗೆಳೆಯನ ಶೆಡ್ಡಿಗೆ ಗಾಡಿ ಒಯ್ದೆ.

ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮುಂದಕ್ಕೆ, ರೇಡಿಯೇಟರ್ ಕಡೆ ಮುಖ ಮಾಡಿದೆ. ಫ್ಯಾನ್ ಬಿಚ್ಚಿದರೆ ಕೈ ಹಾಕಲು ಜಾಗ ಆಗುತ್ತದೆ. ನಿಜವಾದ ಕಷ್ಟ ಸ್ಟಡ್ಡುಗಳದ್ದು, ಅಂದರೆ ಹೆಡ್ಡಿನಿಂದ ಚಾಚಿಕೊಂಡಿರುವ ತಲೆಯಿಲ್ಲದ ಬೋಲ್ಟುಗಳದ್ದು. ಇಪ್ಪತ್ತು ವರ್ಷ ಕಾದು ತಣ್ಣಗಾಗಿ ತುಕ್ಕಿನಲ್ಲೇ ಬೆಸೆದುಕೊಂಡ ನಟ್ಟುಗಳು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆ, ಬೆಳಿಗ್ಗೆ ಮತ್ತೊಮ್ಮೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ನಟ್ಟಿನ ಮೂಲೆ ತಿಂದುಹಾಕುತ್ತದೆ. ಆರು ಮೂಲೆಯ 12 ನಂಬರ್ ಸಾಕೆಟ್ಟೇ ಬೇಕು, ಎಸ್‌ಜೆಪಿ ರಸ್ತೆಯಲ್ಲಿ ಒಳ್ಳೆಯದು ಸಿಗುತ್ತದೆ. ಮೊದಲು ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ ಒಂಚೂರು ಒತ್ತಿ. ‘ಟಕ್’ ಅಂತ ತುಕ್ಕು ಬಿಟ್ಟ ಸದ್ದು ಬರುತ್ತದೆ. ಆಮೇಲೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ, ಮತ್ತೆ ಎಣ್ಣೆ. ಅವಸರ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೂ ಮೂಲೆಯ ಒಂದು ಸ್ಟಡ್ ಮುರಿಯಿತು. ಹಳೇ ಗಾಡಿಯಲ್ಲಿ ಇದು ಇದ್ದದ್ದೇ. ಪುಣ್ಯಕ್ಕೆ ತುಂಡು ಸ್ವಲ್ಪ ಹೊರಗೆ ಉಳಿದಿತ್ತು. ಪಕ್ಕದ ಶೆಡ್ಡಿನ ವೆಲ್ಡರ್ ಅಣ್ಣ ಬಂದು ತುಂಡಿನ ಮೇಲೆ ಒಂದು ನಟ್ಟಿಟ್ಟು, ನಟ್ಟಿನ ತೂತಿನೊಳಗೇ ವೆಲ್ಡಿಂಗ್ ತುಂಬಿಸಿದರು. ಹೆಡ್ ಅಲ್ಯೂಮಿನಿಯಂ ಆದ್ದರಿಂದ ಕಬ್ಬಿಣದ ವೆಲ್ಡಿಂಗ್ ಅದಕ್ಕೆ ಅಂಟುವುದಿಲ್ಲ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಿದರು. ಕಿರ್ ಅಂತ ಸದ್ದು ಮಾಡುತ್ತಾ ಇಡೀ ತುಂಡು ಹೊರಗೆ ಬಂತು. ಗಾಡಿಯ ಮೇಲೆ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿ ತಂತಿ ಬಿಚ್ಚಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕನೆಕ್ಟರ್ ಕೂಡ ತೆಗೆದಿಡಿ. ಹೊಸ ಸ್ಟಡ್ಡುಗಳಿಗೆ ತಾಮ್ರದ ಗ್ರೀಸ್ ಸವರಿ ಹಾಕಿದೆ. ಮುಂದಿನ ಸಲ ಬಿಚ್ಚುವವರು ನನ್ನನ್ನು ಬೈಯಬಾರದು, ಅಲ್ವಾ?

ಹೆಡರ್‌ನ ಫ್ಲಾಂಜ್ ಮೇಲೆ ಸ್ಟೀಲ್ ಪಟ್ಟಿಯನ್ನು ನಿಲ್ಲಿಸಿ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದೆ. ಎರಡೂ ತುದಿಯಲ್ಲಿ ಬಾಗಿತ್ತು. ಪೈಪ್ ಬೆಸೆಯುವಾಗ ಬಿಸಿಗೆ ಫ್ಲಾಂಜ್ ಸೊಟ್ಟಗಾಗುವುದು ಸಾಮಾನ್ಯ, ದುಬಾರಿ ಹೆಡರ್‌ಗೂ ತಪ್ಪಿದ್ದಲ್ಲ. ಬೋಲ್ಟ್ ಬಿಗಿ ಮಾಡಿದರೆ ಎಳೆದುಕೊಳ್ಳುತ್ತದೆ ಅಂತ ಸುಮ್ನೆ ಹೇಳುತ್ತಾರೆ. ಎಳೆದುಕೊಂಡರೂ ಆ ಜಗ್ಗಾಟ ಸ್ಟಡ್ಡಿನ ಮೇಲೆಯೇ ಬೀಳುತ್ತದೆ. ಪೀಣ್ಯದಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ ಸಮ ಮಾಡಿಸಿದೆ. ಹೆಡ್ಡಿಗೂ ಫ್ಲಾಂಜಿಗೂ ನಡುವೆ ಕೂರುವ ಪ್ಯಾಕಿಂಗ್ (ಗ್ಯಾಸ್ಕೆಟ್) ಮಾತ್ರ ಜೆಸಿ ರಸ್ತೆಯಲ್ಲಿ ಹುಡುಕಿ ಕಂಪನಿಯ ಸ್ಟೀಲ್ ಪದರದ್ದೇ ತಂದೆ. ಅದನ್ನು ಫ್ಲಾಂಜ್ ಮೇಲಿಟ್ಟು ನೋಡಿದಾಗ ಹೊಗೆ ಹೋಗುವ ಎರಡು ಪೋರ್ಟಿನಲ್ಲಿ ವೆಲ್ಡಿಂಗ್ ಒಳಕ್ಕೆ ಉಬ್ಬಿತ್ತು. ಅದನ್ನೂ ಉಜ್ಜಿ ತೆಗೆದೆ.

ಕೆಳಗಿನ ಪೈಪ್ ಎಂಜಿನ್ ತಳದ ಆಯಿಲ್ ಸಂಪ್‌ಗಿಂತಲೂ ಕೆಳಗೆ ಜೋತಾಡುತ್ತಿತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಲೇಔಟುಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪುಗಳಿಗೆ ಈ ವಿಷಯ ಗೊತ್ತಿಲ್ಲ. ಆರ್ಗಾನ್ ವೆಲ್ಡಿಂಗ್ ಮಾಡುವವರಿಗೆ ತೋರಿಸಿದೆ.

‘ಸಾರ್, ಇಲ್ಲಿ ಬಡಿದು ಚಪ್ಪಟೆ ಮಾಡಿಬಿಡ್ಲಾ? ಹತ್ತೇ ನಿಮಿಷ.’

‘ಬೇಡ ಗುರು. ಕತ್ತರಿಸಿ ಮೇಲೆತ್ತಿ ಕೂರಿಸಿ. ಎಷ್ಟೊತ್ತಾದ್ರೂ ಪರ್ವಾಗಿಲ್ಲ.’

ಗೊಣಗಿದರೂ ಕೆಲಸ ಚೊಕ್ಕವಾಗಿ ಮಾಡಿದರು. ಹೊರಗೆ ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ತುಂಬಿಸಬೇಕು. ಇಲ್ಲದಿದ್ದರೆ ಸ್ಟೇನ್‌ಲೆಸ್‌ನ ಒಳಮೈಯಲ್ಲಿ ಕರಿ ಹರಳು ಕಟ್ಟಿ, ಜೋಡಣೆ ಅಲ್ಲೇ ಬಿರುಕು ಬಿಡುತ್ತದೆ. ಜೊತೆಗೆ ಒಂದು ಫ್ಲೆಕ್ಸ್ ಪೈಪ್ ಹಾಕಿಸಿದೆ. ಅಡ್ಡ ಕೂತ ಎಂಜಿನ್ ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ಹಿಂದೆ ಮುಂದೆ ತೂಗುತ್ತದೆ. ಆ ಅಲುಗಾಟಕ್ಕೆ ಎಲ್ಲಾದರೂ ಜಾಗ ಬೇಕು. ‘ಕ್ಯಾಟ್ ತೆಗೆದುಬಿಡೋಣ, ಸೌಂಡ್ ಸೂಪರ್ ಬರುತ್ತೆ’ ಅಂದರು. ಹೊಗೆಯ ವಿಷ ಕಮ್ಮಿ ಮಾಡುವ ಆ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಲಿಲ್ಲ, ಹಿಂದಿನ ಸೈಲೆನ್ಸರನ್ನೂ ಮುಟ್ಟಲಿಲ್ಲ.

ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಇಸಿಯುಗೆ ಹೇಳುವ ಆಕ್ಸಿಜನ್ ಸೆನ್ಸರ್ ಎಲ್ಲಿ ಕೂರಬೇಕು ಅನ್ನುವುದನ್ನು ಬಹಳ ಜನ ಯೋಚನೆಯೇ ಮಾಡುವುದಿಲ್ಲ. ನಾಲ್ಕೂ ಪೈಪು ಸೇರಿದ ಮೇಲೆ ಇರಬೇಕು, ಆದರೆ ತೀರ ದೂರ ಹೋದರೆ ಬೇಗ ಕಾಯುವುದಿಲ್ಲ. ಮಲಗಿಸಿಯೂ ಕೂರಿಸಬಾರದು. ನೀರು ಅದರೊಳಗೆ ನಿಲ್ಲದಂತೆ ವೈರಿನ ತುದಿ ಮೇಲ್ಮುಖವಾಗಿ ಓರೆಯಾಗಿರಬೇಕು. ಅದರ ಹತ್ತಿರ ಸಿಲಿಕೋನ್ ಪೇಸ್ಟ್ ಬಳಸಿದರೆ ಅದರ ಆವಿಗೇ ಸೆನ್ಸರ್ ಹಾಳಾಗುತ್ತದೆ. ಸೆನ್ಸರನ್ನು 44 ನ್ಯೂಟನ್ ಮೀಟರಿಗೆ, ಮ್ಯಾನಿಫೋಲ್ಡ್ ನಟ್ಟುಗಳನ್ನು 31ಕ್ಕೆ ಬಿಗಿ ಮಾಡಿದೆ. ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಆ ಕಡೆ ಒಂದು, ಈ ಕಡೆ ಒಂದು, ಸ್ವಲ್ಪ ಸ್ವಲ್ಪವಾಗಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಣ್ಣೆ ಕಮಟು, ಸಣ್ಣ ಹೊಗೆ. ಗಾಬರಿ ಬೀಳಬೇಡಿ. ಗಮನ ಕೊಡಬೇಕಾದದ್ದು ತಣ್ಣಗಿರುವಾಗ ಬರುವ ‘ಟಿಕ್ ಟಿಕ್’ ಸದ್ದಿಗೆ. ಬಿಸಿಯಾದ ಮೇಲೆ ಅದು ನಿಂತರೆ ಫ್ಲಾಂಜ್ ಲೀಕ್ ಇದೆ ಅಂತ ಅನುಮಾನ ಪಡಿ. ಅನೇಕರು ಇದನ್ನು ಟ್ಯಾಪೆಟ್ ಸೌಂಡ್ ಅಂದುಕೊಂಡು ಚೆನ್ನಾಗಿರುವ ಟ್ಯಾಪೆಟ್ಟನ್ನೇ ಅಡ್ಜಸ್ಟ್ ಮಾಡಿಸುತ್ತಾರೆ. ಸೈಲೆನ್ಸರ್ ತುದಿಗೆ ದಪ್ಪ ಬಟ್ಟೆ ಒತ್ತಿಹಿಡಿದು, ತಣ್ಣಗಿನ ಜೋಡಣೆಗಳಿಗೆ ಸೋಪು ನೀರು ಹೊಡೆಯಿರಿ. ಲೀಕ್ ಇದ್ದ ಕಡೆ ಗುಳ್ಳೆ ಏಳುತ್ತದೆ. ಸೆನ್ಸರ್‌ಗಿಂತ ಮುಂಚೆ, ಎಂಜಿನ್ ಕಡೆ ಲೀಕ್ ಇದ್ದರೆ ಸದ್ದಿನ ಜೊತೆಗೆ ಇನ್ನೊಂದು ತಾಪತ್ರಯ. ಹೊರಗಿನ ಗಾಳಿ ಒಳಕ್ಕೆ ಸೇರುತ್ತದೆ, ಪೆಟ್ರೋಲ್ ಕಮ್ಮಿಯಾಗಿದೆ ಅಂತ ಸೆನ್ಸರ್ ಹೇಳುತ್ತದೆ, ಇಸಿಯು ನಂಬಿಕೊಂಡು ಇನ್ನಷ್ಟು ಸುರಿಯುತ್ತದೆ. ‘ಹೆಡರ್ ಹಾಕಿದ ಮೇಲೆ ಮೈಲೇಜ್ ಬಿತ್ತು’ ಅನ್ನುವವರು ಮೊದಲು ಇದನ್ನು ನೋಡಲಿ.

ಬಿಸಿ ಇನ್ನೊಂದು ತಲೆನೋವು. ದಪ್ಪ ಎರಕದ ಜಾಗಕ್ಕೆ ತೆಳು ಪೈಪು ಬಂದಿದೆ, ಕಂಪನಿಯ ಹೀಟ್ ಶೀಲ್ಡ್ ಇದಕ್ಕೆ ಕೂರುವುದಿಲ್ಲ. ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತಬಹುದು, ಆದರೆ ಮಳೆಗಾಲದಲ್ಲಿ ಅದು ತೇವ ಹಿಡಿದಿಡುತ್ತದೆ. ನನಗೆ ಇಷ್ಟವಾಗಲಿಲ್ಲ. ಅಲ್ಯೂಮಿನಿಯಂ ತಗಡು ಬಗ್ಗಿಸಿ, ಪೈಪಿಗೆ ತಾಗದಂತೆ ಶೀಲ್ಡ್ ಮಾಡಿಕೊಂಡೆ. ಫ್ಯಾನ್ ಮತ್ತು ಸೆನ್ಸರ್ ವೈರುಗಳನ್ನು ದೂರ ಕಟ್ಟಿದೆ. ಕೆಲವು ಸಲ ಕಾದು ಆರಿದ ಮೇಲೆ ನಟ್ಟುಗಳನ್ನು ಮತ್ತೆ ಟಾರ್ಕ್ ಮಾಡಿದಾಗ ಬಹುತೇಕ ಎಲ್ಲವೂ ಒಂಚೂರು ತಿರುಗಿದವು.

ಓಡಿಸಿದರೆ ಏನು ವ್ಯತ್ಯಾಸ? ಕನಕಪುರ ರಸ್ತೆಯ ಏರಿನಲ್ಲಿ ಮೊದಲು ಎರಡನೇ ಗೇರ್ ಕೇಳುತ್ತಿದ್ದ ಕಡೆ ಈಗ ಮೂರರಲ್ಲೇ ಎಳೆಯುತ್ತದೆ. ಸದ್ದು ಒಳಗೆ ಕೂತವರಿಗೆ ಸ್ವಲ್ಪ ಗಡಸಾಗಿ ಕೇಳುತ್ತದೆ, ಬೀದಿಯವರಿಗೆ ಗೊತ್ತಾಗುವುದಿಲ್ಲ. ಎಮಿಷನ್ ಟೆಸ್ಟ್ ಪಾಸಾಗಿದೆ. ಪವರ್ ಅಳೆಯುವ ಡೈನೋ ಯಂತ್ರಕ್ಕೆ ಹಾಕಿಸಿಲ್ಲ, ಹಾಕಿಸುವ ಆಸೆಯೂ ಇಲ್ಲ.

ಕಾನೂನಿನ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು. ಕಂಪನಿಯ ಮೂಲ ವಿನ್ಯಾಸ ಮೀರಿ ಬದಲಾವಣೆ ಮಾಡುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ ಹಾಕಿಸುವವರು ಇದನ್ನು ತಿಳಿದುಕೊಂಡೇ ಹಾಕಿಸಬೇಕು. ಹಳೇ ಮ್ಯಾನಿಫೋಲ್ಡ್, ಅದರ ಶೀಲ್ಡು, ಬೋಲ್ಟುಗಳು ಎಲ್ಲವೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿವೆ. ಮಾರುತ್ತೀರಾ ಅಂತ ಕೇಳಿದವರಿದ್ದಾರೆ, ಕೊಟ್ಟಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಇರುತ್ತದೆ, ನನ್ನದು ಮತ್ತೆ ಬರುವುದು 2027ಕ್ಕೆ. ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿ ಇದು ಆಗಲ್ಲ ಅಂದರೆ, ಹಳೆಯದನ್ನು ವಾಪಸ್ ಕೂರಿಸಲು ಒಂದು ಭಾನುವಾರ ಸಾಕು. ಸ್ಟಡ್ಡುಗಳಿಗೆ ಗ್ರೀಸ್ ಇದೆಯಲ್ಲ.